‘ಅಸಲು ಬಂತಾ?’ ಎನ್ನುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾಗಿದ್ದು ಶಾಲೆಯ ಸ್ಟಾಫ್ ರೂಮಿನಲ್ಲಿ. ಊರಿನ ವಾಟ್ಸಾಪ್ ಗುಂಪಿಗೆ ಯಾರೋ ಅವರ ಫೋಟೊಗೆ ಹೂವಿನ ಚೌಕಟ್ಟು ಹಾಕಿ ಕಳಿಸಿದ್ದರು. ಪಕ್ಕದಲ್ಲಿ ಕೂತಿದ್ದ ಹಿಂದಿ ಟೀಚರ್, ‘ಪಾಪ, ನಮ್ಮ ಜೆರಾಕ್ಸಣ್ಣ ಹೋಗ್ಬಿಟ್ರಂತೆ ಕಣ್ರೀ, ಎದೆನೋವಂತೆ, ಕೋಲಾರಕ್ಕೆ ಕರ್ಕೊಂಡ್ ಹೋಗೋ ಅಷ್ಟರಲ್ಲಿ’ ಅಂದರು. ಅಷ್ಟು ವರ್ಷ ಕಂಡ ಮನುಷ್ಯ. ಮೊದಲು ದುಃಖ ಆಗಬೇಕಿತ್ತು. ಆಗಲಿಲ್ಲ. ಮೊದಲು ಬಂದದ್ದು ಭಯ. ಆ ಟಿಫನ್ ಕ್ಯಾರಿಯರ್ ಈಗ ಯಾರ ಕೈಯಲ್ಲಿದೆ? ತಲೆಯಲ್ಲಿ ಇದ್ದದ್ದು ಇದೊಂದೇ.

ಸತ್ತವರ ಮನೆಗೆ ಹೊರಟವಳು ಊಟದ ಡಬ್ಬಿಯ ಚಿಂತೆ ಮಾಡಿದಳು ಅಂದರೆ ನೀವು ಏನಂದುಕೊಳ್ಳುತ್ತೀರೋ. ಅದಕ್ಕೇ ಅವರು ಎಂಥವರು ಅಂತ ಮೊದಲು ಹೇಳಿಬಿಡುತ್ತೇನೆ.

ಮುಳಬಾಗಿಲಿನಲ್ಲಿ ತಾಲೂಕು ಕಚೇರಿಗೆ ಹೋಗುವ ದಾರಿಯಲ್ಲಿ, ಒಂದು ಬೇಕರಿಗೂ ಒಂದು ಗೊಬ್ಬರದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಅವರ ಜೆರಾಕ್ಸ್ ಅಂಗಡಿ ಇತ್ತು. ಒಳಗೆ ಒಂದು ದೊಡ್ಡ ಮಿಷನ್, ಒಂದು ಸ್ಕ್ಯಾನರು, ಒಂದು ಬಣ್ಣದ ಪ್ರಿಂಟರು, ಒಂದು ಕಂಪ್ಯೂಟರು, ಒಂದು ಸ್ಟೂಲು. ಅವರಿಗೊಂದು ಹೆಸರಿತ್ತು, ಬೋರ್ಡಿನ ಮೇಲೂ ಬರೆದಿತ್ತು. ಆದರೆ ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಜೆರಾಕ್ಸಣ್ಣ. ತೆಳ್ಳಗಿನ ಆಳು, ತೋಳು ಮಡಿಸಿದ ಅಂಗಿ, ಎದುರಿಗಿರುವವರ ಮುಖ ನೋಡದೆ ಅವರ ಕೈಯನ್ನೇ ನೋಡುವ ಅಭ್ಯಾಸ. ಯಾರು ಬಂದರು ಅನ್ನುವುದಕ್ಕಿಂತ ಏನು ತಂದರು ಅನ್ನುವುದು ಅವರಿಗೆ ಮುಖ್ಯ.

ಜೆರಾಕ್ಸ್ ಅಂಗಡಿಗೆ ಹೋದವರೆಲ್ಲ ಮಾಡುವ ತಪ್ಪು ಒಂದಿದೆ. ಪ್ರತಿಗಳನ್ನು ಎಣಿಸಿ, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಾರೆ. ಅಸಲು ಗಾಜಿನ ಮೇಲೆ ಬೋರಲಾಗಿ ಮಲಗಿರುತ್ತದೆ. ಇದಕ್ಕೆ ಅವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಮುಚ್ಚಳ ಎತ್ತಿ, ಅಸಲನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮ ಎರಡೂ ಕೈಗೆ ಕೊಟ್ಟು, ‘ಅಸಲು ಬಂತಾ?’ ಅನ್ನುತ್ತಿದ್ದರು. ನಾವು ‘ಬಂತು’ ಅನ್ನಬೇಕು. ತಲೆಯಾಡಿಸಿದರೆ ಸಾಲದು, ಬಾಯಲ್ಲಿ ಹೇಳಬೇಕು. ಹೇಳುವ ತನಕ ಚಿಲ್ಲರೆ ಕೊಡುತ್ತಿರಲಿಲ್ಲ. ಆಮೇಲೆ ಖಾಲಿ ಗಾಜಿನ ಮೇಲೆ ಒಮ್ಮೆ ಅಂಗೈ ಆಡಿಸುತ್ತಿದ್ದರು, ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ಇದೆಯಾ ನೋಡುವ ಹಾಗೆ.

ವಕೀಲರ ಗುಮಾಸ್ತರಿಗೆ ಇದು ದೊಡ್ಡ ತಮಾಷೆ. ಒಬ್ಬ ಅಂತೂ ಸಾಲಿನಲ್ಲಿ ನಿಂತುಕೊಂಡೇ ತೆಲುಗಿನಲ್ಲಿ ಕೆಣಕುತ್ತಿದ್ದ. ‘ಏಮಯ್ಯಾ, ನೀ ಮಿಷನ್ ಏಮನ್ನಾ ಪುಲಾ? ಅಂತ ಭಯಂ ಎಂದುಕು?’

‘ಹುಲಿ ಆದ್ರೆ ಒಂದ್ಸಲ ಕಚ್ಚುತ್ತಪ್ಪ,’ ಇವರು ತಲೆ ಎತ್ತದೆ ಹೇಳುತ್ತಿದ್ದರು. ‘ಇದು ಒತ್ತಿದಷ್ಟು ಸಲ ಕಚ್ಚುತ್ತೆ. ಅಸಲು ಬಂತಾ?’

‘ಬಂತು ಮಾರಾಯಾ, ಬಂತು.’

ಅವರು ಚಹಾ ಲೋಟವನ್ನು ಅಂಗಡಿಯೊಳಗೆ ತರುತ್ತಿರಲಿಲ್ಲ. ಹೊರಗೆ ಚರಂಡಿಯ ಚಪ್ಪಡಿಕಲ್ಲಿನ ಮೇಲೆ ಇಟ್ಟು, ಗಿರಾಕಿ ಇಲ್ಲದಾಗ ಹೋಗಿ ಒಂದು ಗುಟುಕು ಕುಡಿದು, ಕೈ ಒರೆಸಿಕೊಂಡು ಬರುತ್ತಿದ್ದರು. ಚಹಾ ಆರಿ ಕೆನೆ ಕಟ್ಟುತ್ತಿತ್ತು. ನಾನು ಪರೀಕ್ಷೆಯ ಪ್ರಶ್ನೆಪತ್ರಿಕೆ ತಂದರೆ ಅವರಿಗೆ ಜೀವವೇ ಹೋಗುತ್ತಿತ್ತು. ಶಟರನ್ನು ಅರ್ಧ ಇಳಿಸಿ, ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು, ಕೈ ಅಂದಾಜಿನಲ್ಲೇ ಕಾಗದ ಇಟ್ಟು ತೆಗೆಯುತ್ತಿದ್ದರು. ‘ಅಣ್ಣ, ಎಂಟನೇ ಕ್ಲಾಸಿನ ಸಮಾಜ. ನೀವು ಓದಿದ್ರೆ ಏನಾಗುತ್ತೆ?’ ಅಂದೆ ಒಮ್ಮೆ. ‘ಓದಿಲ್ಲ ಅಂತ ಆಣೆ ಮಾಡೋಕೆ ಆಗ್ಬೇಕಲ್ಲ ಟೀಚರಮ್ಮ’ ಅಂದರು, ಗೋಡೆಗೇ.

ಇಷ್ಟು ಭಯ ಯಾಕೆ ಅಂತ ಒಂದು ಸಲ ನೇರವಾಗಿ ಕೇಳಿದ್ದೆ. ಅವರು ಯೋಚನೆ ಮಾಡಿ ಹೇಳಿದ ಉತ್ತರ ಇದು: ‘ಕಾಗದಕ್ಕೆ ಹೆದರದೋನ ಕೈಗೆ ಕಾಗದ ಕೊಡಬಾರದು.’ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನನಗೂ ಹೆಚ್ಚು ಬೇಕಾಗಿರಲಿಲ್ಲ. ಯಾಕೆಂದರೆ ನಾನು ಅವರನ್ನು ಮೊದಲು ಕಂಡದ್ದೇ ಒಂದು ಕಾಗದದ ಭಯದಲ್ಲಿ.

ನಮ್ಮದು ಶ್ರೀನಿವಾಸಪುರ ತಾಲೂಕು, ರಾಯಲ್ಪಾಡಿನ ಆಚೆ ಒಂದು ಊರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹೊಲದಲ್ಲಿ ಎರಡೂ. ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳುಗಳಿಗೆ ಹಾಕಿ ಆಮೇಲೆ ಬಸ್ಸು ಹತ್ತಿ ನಾನು ಡಿಗ್ರಿ, ಬಿ.ಎಡ್. ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಪದವಿ ಪ್ರಮಾಣಪತ್ರ ಬಂದ ದಿನ ಅಪ್ಪ ಅದನ್ನು ದೇವರ ಮುಂದೆ ಇಟ್ಟರು. ನಮ್ಮಲ್ಲಿ ಸೈಕಲ್ ಬರಲಿ, ಪಂಪು ಬರಲಿ, ಹೊಲಿಗೆ ಯಂತ್ರ ಬರಲಿ, ಅರಿಶಿನ ಕುಂಕುಮ ಇಡದೆ ಬಳಸುವುದಿಲ್ಲ. ಅಪ್ಪ ಪ್ರಮಾಣಪತ್ರಕ್ಕೂ ಇಟ್ಟರು. ನಾಲ್ಕು ಮೂಲೆಗೆ ಅರಿಶಿನ. ಸಂತೋಷ ತಡೆಯದೆ ನಡುವೆ ಒಂದು ದಪ್ಪ ಕುಂಕುಮದ ಬೊಟ್ಟು, ನೀರಲ್ಲಿ ಕಲಸಿ. ಅದು ಹೋಗಿ ಕೂತದ್ದು ನನ್ನ ನೋಂದಣಿ ಸಂಖ್ಯೆಯ ಮೇಲೆ.

ಕೆಲಸಕ್ಕೆ ಅರ್ಜಿ ಹಾಕಲು ಅಪ್ಪನೂ ನಾನೂ ಮುಳಬಾಗಿಲಿಗೆ ಬಂದೆವು. ಈ ಅಂಗಡಿಯಲ್ಲಿ ಪ್ರತಿ ತೆಗೆಸಿದರೆ ಅರಿಶಿನ ಮಾಯ, ಕುಂಕುಮ ಕರ್ರಗೆ ಇದ್ದಿಲಿನ ಹಾಗೆ. ಸಂಖ್ಯೆಯ ಅರ್ಧ ಕಾಣುವುದೇ ಇಲ್ಲ. ಜೆರಾಕ್ಸಣ್ಣನ ಮುಖ ಬಿಳುಚಿಕೊಂಡಿತು, ತಮ್ಮದೇ ಪ್ರಮಾಣಪತ್ರ ಸುಟ್ಟುಹೋದ ಹಾಗೆ.

‘ಇದನ್ನ ಕೊಟ್ರೆ ಅರ್ಜಿ ಪಕ್ಕಕ್ಕೆ ಹಾಕ್ತಾರೆ ತಾಯಿ.’

ಅಪ್ಪನಿಗೆ ಸಿಟ್ಟು ಬಂತು. ‘ದೇವರ ಕುಂಕುಮ ಕಪ್ಪಾಗುತ್ತೇನಯ್ಯಾ? ನಿನ್ನ ಮಿಷನ್ ಕೆಟ್ಟಿದೆ.’

‘ಮಿಷನ್ನಿಗೆ ಕೆಂಪು ಕಂಡ್ರೆ ಕಪ್ಪೇ ಯಜಮಾನ್ರೆ. ಅದಕ್ಕೆ ಪಾಪ ಪುಣ್ಯ ಗೊತ್ತಿಲ್ಲ.’

ನಾನು ಸೀರೆಯ ಸೆರಗಿನಿಂದ ಬೊಟ್ಟು ಒರೆಸಲು ಹೋದೆ. ಅವರು ಥಟ್ಟನೆ ಕಾಗದ ಹಿಂದಕ್ಕೆ ಎಳೆದುಕೊಂಡರು. ‘ಬೇಡ. ಅಕ್ಷರ ಸಮೇತ ಬಂದುಬಿಡುತ್ತೆ. ಅಲ್ದೆ ಅಪ್ಪ ಇಟ್ಟ ಬೊಟ್ಟು.’ ಆಮೇಲೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಕೆಂಪಿನ ಅಡಿಯಲ್ಲಿ ಸಂಖ್ಯೆ ತೆಳ್ಳಗೆ ಕಾಣುತ್ತಿತ್ತು. ಆ ಬಣ್ಣದ ಪ್ರತಿಯನ್ನೇ ಲಗತ್ತಿಸಿದೆ. ಅದರಿಂದಲೇ ನಾನು ಈ ಊರಿನ ಹೈಸ್ಕೂಲಿಗೆ ಟೀಚರಾಗಿ ಬಂದೆ. ಬೊಟ್ಟು ಇವತ್ತಿಗೂ ಹಾಗೇ ಇದೆ.

ಹೊರಡುವಾಗ ಅವರು ಅಸಲನ್ನು ಅಪ್ಪನ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟರು. ‘ಅಸಲು ಬಂತಾ?’ ಆ ಪ್ರಶ್ನೆಯನ್ನು ನನ್ನನ್ನು ಮೊದಲ ಸಲ ಕೇಳಿದ್ದು ಆವತ್ತು.

ಆಗ ಅವರು ಸ್ಕ್ಯಾನ್ ಮಾಡಿದ್ದನ್ನೆಲ್ಲ ಸಂಜೆ ಅಳಿಸಿಬಿಡುತ್ತಿದ್ದರಂತೆ. ಇಟ್ಟುಕೊಳ್ಳಲು ಶುರು ಮಾಡಿದ್ದು ಆಮೇಲೆ, ಒಬ್ಬ ಕುರಿ ಸಾಕುವ ತಾತನಿಂದ. ತಾತ ಒಂದು ಮಧ್ಯಾಹ್ನ ಟವಲಿನಲ್ಲಿ ಒಂದು ಮಣ್ಣಿನ ಹೆಂಟೆ ಕಟ್ಟಿಕೊಂಡು ಬಂದು, ಗಾಜಿನ ಮೇಲೆ ಇಡಲು ಹೋದ. ಏನದು ಅಂದರೆ, ಜಮೀನಿನ ಕಾಗದ. ಮರದ ಪೆಟ್ಟಿಗೆಗೆ ಗೆದ್ದಲು ಹತ್ತಿತ್ತು. ‘ಇದರಲ್ಲೇ ಇದೆ ಕಣಪ್ಪ, ಹೆಂಗಾದ್ರೂ ತೆಗಿ’ ಅಂದನಂತೆ. ಅದೃಷ್ಟಕ್ಕೆ ಕೆಲವು ತಿಂಗಳ ಹಿಂದೆ ಆ ಕಾಗದ ಸ್ಕ್ಯಾನ್ ಆಗಿತ್ತು, ಆ ಸಂಜೆ ಅಳಿಸುವುದು ಮರೆತುಹೋಗಿತ್ತು. ಅದರ ಮೇಲಿದ್ದ ನಂಬರು ಹಿಡಿದು ಕಚೇರಿಯಲ್ಲಿ ದೃಢೀಕರಿಸಿದ ನಕಲು ಪಡೆಯಲು ಸಾಧ್ಯವಾಯಿತು.

ಅಂದಿನಿಂದ ಅವರಿಗೆ ಅಳಿಸುವುದೇ ಭಯವಾಯಿತು. ಬಂದವರ ಕಾಗದವನ್ನು ಅವರನ್ನೇ ಕೇಳಿ ಇಟ್ಟುಕೊಳ್ಳುತ್ತಿದ್ದರು. ‘ಒಂದು ನೆರಳು ನನ್ನ ಹತ್ರ ಇರ್ಲಾ? ಗೆದ್ದಲು, ನೀರು, ಬೆಂಕಿ, ಏನು ಹೇಳೋಕಾಗುತ್ತೆ.’ ಎಲ್ಲರೂ ಇರಲಿ ಅನ್ನುತ್ತಿದ್ದರು. ಕ್ರಯಪತ್ರ, ಸಾಗುವಳಿ ಚೀಟಿ, ವಂಶವೃಕ್ಷ, ಮಾರ್ಕ್ಸ್ ಕಾರ್ಡು, ಆಧಾರ್, ಮದುವೆ ನೋಂದಣಿ. ‘ಮುಖ ತೆಗೆದ್ರೆ ಸಾಲ್ದು, ಬೆನ್ನೂ ತೆಗೀಬೇಕು’ ಅಂತ ಪ್ರತಿ ಕಾಗದವನ್ನೂ ಮಗುಚಿ ಹಾಕುತ್ತಿದ್ದರು. ಮೊಹರು, ಷರಾ ಎಲ್ಲ ಹಿಂದೆಯೇ ಇರುವುದಲ್ಲವೇ. ಕಡತಗಳಿಗೆ ಹೆಸರಿಡುವುದು ಅವರದೇ ರೀತಿ. ಇಂಗ್ಲಿಷ್ ಅಕ್ಷರದಲ್ಲಿ ಕುರಿ ತಾತ, ಕುರುಡುಮಲೆ ಹೂವಿನಮ್ಮ, ನಂಗಲಿ ಅವಳಿ ಮಕ್ಕಳ ತಾಯಿ. ನನ್ನದು ‘ಬೊಟ್ಟಿನ ಟೀಚರಮ್ಮ’. ಅದರೊಳಗೆ ನನ್ನ ಪ್ರಮಾಣಪತ್ರಗಳ ಜೊತೆ ನಮ್ಮ ಅಪ್ಪನ ಹೊಲದ ಕಾಗದಗಳೂ ಇದ್ದವು.

ಹೀಗೆ ಬರಬರುತ್ತ ಸುತ್ತಮುತ್ತಲ ಅರ್ಧ ಊರುಗಳ ನೆರಳು ಆ ಕಂಪ್ಯೂಟರಿನಲ್ಲಿ ಸೇರಿತು. ಇದು ಎಷ್ಟು ಅಪಾಯ ಅಂತ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದದ್ದು ಒಬ್ಬ ಬಿಳಿ ಅಂಗಿಯವನಿಗೆ.

ಬೆಂಗಳೂರು ಬೆಳೆಯುತ್ತ ಬೆಳೆಯುತ್ತ ಮಾಲೂರಿನ ಜಮೀನು ಬಂಗಾರವಾಯಿತು. ದಲ್ಲಾಳಿಗಳು ಹೆದ್ದಾರಿ ಹಿಡಿದು ಈ ಕಡೆ ಬರತೊಡಗಿದರು. ‘ಮಾಲೂರು ಮುಗೀತು, ಇನ್ನು ನಮ್ಮ ಸರದಿ’ ಅಂತ ಬೇಕರಿಯಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು. ಅಂಥವರಲ್ಲಿ ಒಬ್ಬ ಇವರ ಅಂಗಡಿಗೆ ಬಂದ. ನಾನು ಅಲ್ಲೇ ಹಾಜರಿ ಪಟ್ಟಿಯ ಪ್ರತಿ ತೆಗೆಸುತ್ತಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ದನಿ, ಕೈಯಲ್ಲಿ ಒಂದು ಪೆಟ್ಟಿಗೆ ಬಾದಾಮಿ ಮಾವಿನಹಣ್ಣು.

‘ನಮ್ಮ ಶ್ರೀನಿವಾಸಪುರದ ತೋಟದ್ದು ಅಣ್ಣ. ಮನೇಲಿ ಮಕ್ಕಳಿಗೆ,’ ಅಂತ ಪೆಟ್ಟಿಗೆಯನ್ನು ಗಾಜಿನ ಮೇಲೇ ಇಟ್ಟ.

ಜೆರಾಕ್ಸಣ್ಣ ಹಾವು ಕಂಡವರ ಹಾಗೆ ಅದನ್ನು ನೋಡಿದರು. ‘ಏನಾಗ್ಬೇಕಿತ್ತು?’

‘ಹೆದ್ದಾರಿ ಪಕ್ಕದ ಊರುಗಳ ಹಳೇ ಕಾಗದ ಎಲ್ಲ ನಿಮ್ಮಲ್ಲಿ ಭದ್ರವಾಗಿ ಇದೆ ಅಂತ ಕೇಳಿದೆ. ಒಳ್ಳೇ ಕೆಲಸ ಮಾಡಿದೀರಿ. ಕಚೇರಿಯಲ್ಲಿ ಅಲೆದಾಡೋದಕ್ಕಿಂತ ನಿಮ್ಮಲ್ಲೇ ಒಂದು ಕಾಪಿ ಸಿಕ್ಕಿದ್ರೆ ನಮಗೂ ಸುಲಭ.’

‘ನನ್ನಲ್ಲಿ ಏನೂ ಇಲ್ಲ.’

‘ಇರಲಿ ಬಿಡಿ, ಅವಸರ ಇಲ್ಲ.’ ಅವನು ನಕ್ಕ. ಮೆಟ್ಟಿಲು ಇಳಿಯುತ್ತ, ನೆನಪಾದವನ ಹಾಗೆ ತಿರುಗಿ, ‘ನಿಮ್ಮ ಮಗಳು ಕೋಲಾರದಲ್ಲಿ ನರ್ಸಿಂಗ್ ಓದ್ತಾಳಲ್ವಾ? ದಿನಾ ಬಸ್ಸಲ್ಲೇ ಹೋಗಿಬರ್ತಾಳಾ?’ ಅಂದ. ಉತ್ತರಕ್ಕೆ ಕಾಯದೆ ಹೋದ.

ಜೆರಾಕ್ಸಣ್ಣ ನನ್ನ ಪ್ರತಿಗಳನ್ನು ಕೈಗೆ ಕೊಟ್ಟರು. ಚಿಲ್ಲರೆ ಕೊಟ್ಟರು. ‘ಅಸಲು ಬಂತಾ?’ ಅನ್ನಲಿಲ್ಲ. ಮುಚ್ಚಳದ ಅಡಿಯಿಂದ ಹಾಜರಿ ಪಟ್ಟಿಯನ್ನು ನಾನೇ ತೆಗೆದುಕೊಂಡೆ. ಆಗಲೇ ನನಗೆ ನಿಜವಾಗಿ ಹೆದರಿಕೆ ಆದದ್ದು.

ಮಾವಿನಹಣ್ಣನ್ನು ಅವರು ಮುಟ್ಟಲಿಲ್ಲ. ‘ತಗೊಂಡ್ರೆ ಒಪ್ಪಿಕೊಂಡಂಗೆ.’ ಪೆಟ್ಟಿಗೆಯನ್ನು ಹೊರಗೆ ಚಪ್ಪಡಿಕಲ್ಲಿನ ಮೇಲೆ ಇಟ್ಟರು. ಅಲ್ಲೇ ಕೊಳೆಯಿತು. ವಾರವಿಡೀ ಆ ದಾರಿಯಲ್ಲಿ ಸಿಹಿ ಕೊಳಕು ವಾಸನೆ.

‘ಬರೀ ಕಾಪಿ ತಾನೇ ಅಣ್ಣ, ಅದರಿಂದ ಏನು ಮಾಡ್ತಾರೆ?’ ಅಂದೆ, ನನಗೇ ಧೈರ್ಯ ಹೇಳಿಕೊಳ್ಳಲು.

ಅವರು ಒಬ್ಬ ಅಜ್ಜಿಯ ಕಡತ ತೆರೆದು ತೋರಿಸಿದರು. ಕ್ರಯಪತ್ರ, ಹೆಬ್ಬೆಟ್ಟಿನ ಗುರುತು, ಫೋಟೊ, ಆಧಾರ್, ವಂಶವೃಕ್ಷ. ‘ಎಲ್ಲ ಒಂದೇ ಕಡೆ ಇದೆ ನೋಡಿ. ಈ ವಯಸ್ಸಿನ ಬೇರೆ ಯಾವುದೋ ಅಜ್ಜಿಗೆ ಒಂದು ಸೀರೆ ಕೊಡಿಸಿ ಸಬ್‌ರಿಜಿಸ್ಟ್ರಾರ್ ಮುಂದೆ ನಿಲ್ಲಿಸಿದ್ರೆ ಆಯ್ತು, ಜಮೀನು ಅವನದು. ಹೆದರಿಕೆ ಇಲ್ದೋನಿಗೆ ಇದು ಎಷ್ಟೊತ್ತಿನ ಕೆಲಸ? ನಾನು ಜನಗಳ ಕಾಗದ ಉಳಿಸಿದೆ ಅಂದ್ಕೊಂಡಿದ್ದೆ ಟೀಚರಮ್ಮ. ಕಳ್ಳನಿಗೆ ಗಂಟು ಕಟ್ಟಿ ಇಟ್ಟಿದೀನಿ.’

‘ಪೊಲೀಸರಿಗೆ ಹೇಳೋಣ.’

‘ಏನಂತ ಹೇಳ್ಲಿ? ಮಾವಿನಹಣ್ಣು ಕೊಟ್ಟ ಅಂತಾನಾ? ಊರೋರ ಕಾಗದ ಎಲ್ಲ ನಿನ್ನ ಹತ್ರ ಯಾಕಯ್ಯಾ ಇದೆ ಅಂತ ಮೊದ್ಲು ನನ್ನೇ ಕೂರಿಸ್ತಾರೆ.’

‘ಹಾಗಾದ್ರೆ ಎಲ್ಲ ಅಳಿಸಿಬಿಡಿ.’

ಅವರು ಅಜ್ಜಿಯ ಕಡತ ಮುಚ್ಚಿದರು. ‘ಇದರಲ್ಲಿ ಎಷ್ಟೋ ಜನಕ್ಕೆ ಇದೇ ಅಸಲು ಈಗ. ಮನೇಲಿದ್ದದ್ದು ಹೋಗಿದೆ. ಯಾರ್ದು ಹೋಗಿದೆ, ಯಾರ್ದು ಇದೆ ಅಂತ ನನಗೆ ಗೊತ್ತಿಲ್ಲ. ಕಣ್ಮುಚ್ಚಿ ಅಳಿಸಿದ್ರೆ ನಾನೇ ಗೆದ್ದಲು.’

ಇಟ್ಟುಕೊಳ್ಳುವಂತಿಲ್ಲ, ಅಳಿಸುವಂತಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಅವರ ಕಟ್ಟಳೆಯಲ್ಲೇ. ಒಬ್ಬೊಬ್ಬರನ್ನೇ ಕರೆಯಬೇಕು, ಅವರವರ ನೆರಳನ್ನು ಅವರವರ ಕೈಗೆ ಕೊಡಬೇಕು, ‘ಬಂತು’ ಅನಿಸಬೇಕು, ಅವರ ಕಣ್ಣೆದುರೇ ಅಳಿಸಬೇಕು.

ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರನ್ನು ಊಟದ ಬಿಡುವಿನಲ್ಲಿ ಅಂಗಡಿಗೆ ಕರೆದುಕೊಂಡು ಹೋದೆ. ಅವರು, ‘ಬರೀ ಡಿಲೀಟ್ ಮಾಡಿದ್ರೆ ಪೂರ್ತಿ ಹೋಗಲ್ಲ ಮೇಡಂ, ಗೊತ್ತಿದ್ದೋರು ಮತ್ತೆ ತೆಗೀತಾರೆ. ಕೊನೆಗೆ ಹಾರ್ಡ್‌ಡಿಸ್ಕ್ ತಟ್ಟೇನೇ ಒಡೀಬೇಕು’ ಅಂದು, ಕಂಪ್ಯೂಟರಿನ ಹೊಟ್ಟೆಯಿಂದ ಅಂಗೈಯಗಲದ ಒಂದು ಕಪ್ಪು ತಟ್ಟೆಯನ್ನು ಬಿಚ್ಚಿ, ಅದಕ್ಕೊಂದು ಕವಚ ಹಾಕಿ, ವಯರು ಕೊಟ್ಟರು. ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಎಲ್ಲ ತೆರೆಯುತ್ತಿತ್ತು. ಅಂಗಡಿಯ ಕಂಪ್ಯೂಟರು ಮೇಜಿನ ಮೇಲೆ ಹಾಗೇ ಕೂತಿತ್ತು, ಒಳಗೆ ಏನೂ ಇಲ್ಲದೆ. ‘ರಿಪೇರಿ’ ಅಂತ ಚೀಟಿ ಅಂಟಿಸಿ ಜೆರಾಕ್ಸಣ್ಣ ಬರೀ ಪ್ರತಿ ತೆಗೆದುಕೊಡುತ್ತಿದ್ದರು.

ತಟ್ಟೆಯನ್ನು ಅಂಗಡಿಯಲ್ಲಿ ಬಿಡಲು ಭಯ, ಮನೆಯಲ್ಲಿ ಬಿಡಲು ಇನ್ನೂ ಭಯ. ಅದಕ್ಕೇ ಟಿಫನ್ ಕ್ಯಾರಿಯರ್. ಮೂರು ಡಬ್ಬಿಯದು. ಸಾರು ಸೋರಿದರೆ ಕೆಳಕ್ಕೇ ತಾನೇ ಸೋರುವುದು, ಹಾಗಾಗಿ ಸಾರು ಎಲ್ಲಕ್ಕಿಂತ ಕೆಳಗೆ. ಮುಚ್ಚಳ ತೆಗೆದವರಿಗೆ ಮೊದಲು ಊಟ ಕಾಣಬೇಕು, ಹಾಗಾಗಿ ರಾಗಿಮುದ್ದೆ ಎಲ್ಲಕ್ಕಿಂತ ಮೇಲೆ. ನಡುವಿನ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮುಳಬಾಗಿಲು ತಾಲೂಕು.

ಭಾನುವಾರಗಳಂದು ಶಟರು ಅರ್ಧ ಇಳಿಸಿ ಕೂರುತ್ತಿದ್ದೆವು. ಅವರು ಬಸ್ಸಿನ ಕಂಡಕ್ಟರುಗಳ ಕೈಲಿ, ಹಾಲಿನ ಡೈರಿಯವರ ಕೈಲಿ ಹೇಳಿಕಳಿಸುತ್ತಿದ್ದರು, ಇಂಥವರು ಮನೆಯ ಕಾಗದ ತಗೊಂಡು ಬರಬೇಕಂತೆ ಅಂತ. ಬಂದವರ ಗಂಟು ಬಿಚ್ಚಿಸಿ ಅಸಲು ಇದೆಯಾ ನೋಡುವುದು. ಇಲ್ಲದಿದ್ದರೆ ನಂಬರು ಬರೆದುಕೊಟ್ಟು ಕಚೇರಿಯ ನಕಲಿಗೆ ಅರ್ಜಿ ಹಾಕಿಸುವುದು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರ ಫೋನಿಗೆ ಹಾಕಿ, ಮುಖ ಬೆನ್ನು ಎರಡೂ ತೆರೆದು ಓದಿಸುವುದು. ಇಲ್ಲದವರಿಗೆ ಬಣ್ಣದ ಪ್ರತಿ. ಆಮೇಲೆ ಅಳಿಸುವುದು. ಹೊರಗೆ ಯಾವ ಕಾರು ನಿಧಾನವಾದರೂ ನಾವಿಬ್ಬರೂ ಮಾತು ನಿಲ್ಲಿಸುತ್ತಿದ್ದೆವು.

ಕುರುಡುಮಲೆ ಹೂವಿನಮ್ಮ ಬಂದ ದಿನ ಮರೆಯಲಾರೆ. ಗಣೇಶನ ಗುಡಿ ಮುಂದೆ ಹೂವು ಮಾರುವ ಮುದುಕಿ. ಕಂಕುಳಿನ ಚೀಲದಲ್ಲಿ ಅಸಲು ಕ್ರಯಪತ್ರ ಮಡಿಕೆ ಮಾಸದೆ ಇತ್ತು. ಜೆರಾಕ್ಸಣ್ಣ ಅವಳ ಕಾಗದದ ನೆರಳನ್ನು ಪರದೆಯ ಮೇಲೆ ತೋರಿಸಿ, ‘ಈಗ ಇದನ್ನ ಅಳಿಸ್ತೀನಿ, ನೋಡ್ಕೊಳಮ್ಮ’ ಅಂದರು. ಮುದುಕಿ ಎದ್ದುಬಂದು ಅವರ ಮಣಿಕಟ್ಟು ಹಿಡಿದುಕೊಂಡಳು.

‘ವದ್ದು ನಾಯನಾ. ಭೂಮಿ ಪೋತುಂದಿ.’

ಬೇಡಪ್ಪ, ಭೂಮಿ ಹೋಗಿಬಿಡುತ್ತೆ. ನಾನು ವಿವರಿಸಲು ಬಾಯಿ ತೆರೆದೆ. ಜೆರಾಕ್ಸಣ್ಣ ಕಣ್ಣಲ್ಲೇ ತಡೆದರು. ‘ನಂಗೂ ಹಂಗೇ ಅನ್ಸುತ್ತೆ ಕಣಮ್ಮ, ಪ್ರತಿ ಸಲ.’ ಮುದುಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಅಸಲನ್ನು ಅವಳ ಎರಡೂ ಕೈಯಲ್ಲಿ ಹಿಡಿಸಿ, ‘ಅಸಲು ಬಂತಾ?’ ಅಂದರು.

‘ಬಂತು.’

‘ಗಟ್ಟಿಯಾಗಿ ಹಿಡ್ಕೊ. ಹಿಡ್ಕೊಂಡಿರೋದು ಎಲ್ಲೂ ಹೋಗಲ್ಲ.’

ಅವಳು ಎದೆಗೆ ಅವಚಿಕೊಂಡು ಕಣ್ಣು ಮುಚ್ಚಿದಳು. ಇವರು ಒತ್ತಿದರು. ಸದ್ದೇನೂ ಆಗಲಿಲ್ಲ. ಮುದುಕಿ ಮೆಲ್ಲಗೆ ಮಡಿಕೆ ಬಿಚ್ಚಿ, ಓದಲು ಬಾರದಿದ್ದರೂ, ಅಕ್ಷರಗಳು ಇನ್ನೂ ಅಲ್ಲೇ ಇವೆಯಾ ಅಂತ ನೋಡಿದಳು. ನಾವು ಯಾರೂ ನಗಲಿಲ್ಲ. ಹೋಗುವಾಗ ಮಿಷನ್ನಿನ ಮೇಲೆ ಒಂದು ಮೊಳ ಕನಕಾಂಬರ ಇಟ್ಟುಹೋದಳು. ಅದನ್ನು ಅವರು ಹೊರಗಿಡಲಿಲ್ಲ.

ಬಿಳಿ ಅಂಗಿಯವನು ಮತ್ತೆ ಬಂದಿದ್ದ, ನಾನಿಲ್ಲದಾಗ. ಕಂಪ್ಯೂಟರಿನ ಮೇಲಿನ ಚೀಟಿ ಓದಿ, ‘ರಿಪೇರಿಗೆ ನಮ್ಮ ಹುಡುಗರನ್ನ ಕಳಿಸ್ಲಾ?’ ಅಂದನಂತೆ. ಆವತ್ತಿನಿಂದ ಜೆರಾಕ್ಸಣ್ಣ ಮಗಳನ್ನು ಬೆಳಿಗ್ಗೆ ತಾವೇ ಬಸ್ಸು ಹತ್ತಿಸಿ, ಸಂಜೆ ತಾವೇ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು, ಕೈಯಲ್ಲಿ ಕ್ಯಾರಿಯರ್ ಹಿಡಿದುಕೊಂಡೇ. ಬಹಳ ಸೊರಗಿದರು. ಒಮ್ಮೆ ನಾನು, ‘ಅಣ್ಣ, ಸ್ವಲ್ಪ ದಿನ ಇದು ನನ್ನ ಹತ್ರ ಇರ್ಲಿ’ ಅಂದೆ. ಅಂದದ್ದು ನಿಜ, ಆದರೆ ಅವರು ಹೂಂ ಅಂದುಬಿಟ್ಟರೆ ಅನ್ನುವ ಹೆದರಿಕೆಗೆ ಕೈ ಚಾಚಲಿಲ್ಲ. ಅವರು ನನ್ನ ಮುಖ ನೋಡಿದರು. ಯಾವಾಗಲೂ ಕೈ ನೋಡುವವರು ಆವತ್ತು ಮುಖ ನೋಡಿದರು. ‘ನಿಮಗೂ ಸಾಕಷ್ಟು ಭಯ ಇದೆ. ಒಳ್ಳೇದು,’ ಅಂದರು. ಕೊಡಲಿಲ್ಲ.

ಕಡತಗಳು ಕಡಿಮೆಯಾಗುತ್ತ ಬಂದಿದ್ದವು. ಮುಗಿದಿರಲಿಲ್ಲ. ಹೊತ್ತಿಗೆ ಮೊದಲೇ ಅವರು ಹೋದರು.

ಸಾವಿನ ದಿನ ಮನೆ ತುಂಬ ಜನ. ಹೆಣದ ಮುಂದೆ ಕೂತು ಅಳುತ್ತಿದ್ದ ಹೆಂಡತಿಯನ್ನು ಕ್ಯಾರಿಯರ್ ಎಲ್ಲಿ ಅಂತ ಹೇಗೆ ಕೇಳಲಿ? ಅಡುಗೆಮನೆಯ ಕಡೆ ಕಣ್ಣು ಹಾಯಿಸಿದೆ, ಕಾಣಲಿಲ್ಲ. ಅಂಗಳದ ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಬಿಳಿ ಅಂಗಿಯವನು ಕೈಕಟ್ಟಿ ಕೂತಿದ್ದ. ನನ್ನನ್ನು ಕಂಡು ನಮಸ್ಕಾರ ಮಾಡಿದ. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಆಮೇಲಿನ ದಿನಗಳಲ್ಲಿ ಪಾಠ ಮಾಡುತ್ತಿದ್ದೆ, ಅನ್ನ ಮಾಡುತ್ತಿದ್ದೆ, ಏನು ಮಾಡಿದೆ ಅಂತ ನೆನಪಿಲ್ಲ. ಊರಿಗೆ ಫೋನ್ ಮಾಡಿ ಅಪ್ಪನಿಗೆ, ಯಾರಾದರೂ ಹೊಲದ ಬಗ್ಗೆ ಕೇಳಿಕೊಂಡು ಬಂದರೆ ಸಹಿ ಹಾಕಬೇಡ ಅಂದೆ. ‘ಯಾರು ಬರ್ತಾರಮ್ಮ?’ ಅಂದರು ಅಪ್ಪ. ‘ಯಾರೇ ಬರಲಿ’ ಅಂದೆ.

ತಿಥಿ ಕಳೆದ ಮಾರನೇ ದಿನ ಮಧ್ಯಾಹ್ನ ಅವರ ಹೆಂಡತಿ ನಮ್ಮ ಮನೆಗೆ ಬಂದರು. ಬಿಸಿಲಲ್ಲಿ ನಡೆದೇ ಬಂದಿದ್ದರು. ಕಂಕುಳಲ್ಲಿ ಬಟ್ಟೆಯ ಚೀಲ. ನೀರು ಕೊಟ್ಟರೆ ಕುಡಿಯಲಿಲ್ಲ.

‘ಅಂಗಡಿ ಕಂಪ್ಯೂಟರ್ ಕೊಟ್ಬಿಟ್ಟೆ ಟೀಚರಮ್ಮ.’

‘ಯಾರಿಗೆ?’

‘ತಿಥಿಗೆ ಬಂದಿದ್ರಲ್ಲ, ಬಿಳಿ ಅಂಗಿಯೋರು. ನಿಮಗ್ಯಾಕಮ್ಮ ಅದು, ನಾನು ತಗೊಂಡು ಹೋಗ್ತೀನಿ ಅಂದ್ರು. ಕೊಡು ಅಂತ ನಮ್ಮವ್ರೇ ಹೇಳಿದ್ರು.’

‘ಯಾವಾಗ ಹೇಳಿದ್ರು?’

‘ಮುಂಚೇನೇ. ನನಗೇನಾದ್ರೂ ಆದ್ರೆ ಅವನು ಬಂದೇ ಬರ್ತಾನೆ, ಕೇಳಿದ ತಕ್ಷಣ ಕಂಪ್ಯೂಟರ್ ಡಬ್ಬ ಕೊಟ್ಬಿಡು, ಎರಡು ದಿನ ನಿಮ್ಮನ್ನ ಬಿಟ್ಟಿರ್ತಾನೆ, ಅಷ್ಟರಲ್ಲಿ ಇದನ್ನ ಟೀಚರಮ್ಮನಿಗೆ ಮುಟ್ಟಿಸು ಅಂದಿದ್ರು.’ ಚೀಲದಿಂದ ಕ್ಯಾರಿಯರ್ ತೆಗೆದರು. ‘ಅವನು ಇವತ್ತು ಬೆಳಿಗ್ಗೆ ತಗೊಂಡೋದ. ಈಗ ಬಿಚ್ಚಿ ನೋಡಿರ್ತಾನೇನೋ. ಸಂಜೆ ಬಸ್ಸಿಗೆ ನಾನೂ ಮಗಳೂ ನಮ್ಮಣ್ಣನ ಊರಿಗೆ ಹೋಗ್ತೀವಿ.’

ಕ್ಯಾರಿಯರನ್ನು ಅವರು ನೆಲದ ಮೇಲೆ ಇಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಮುದ್ದೆ ಇಲ್ಲ, ಸಾರು ಇಲ್ಲ, ಹಗುರವಾಗಿತ್ತು. ನಡುವಿನ ಡಬ್ಬಿಯಲ್ಲಿ ಏನೋ ಮೆಲ್ಲಗೆ ಸರಿದಾಡಿತು.

ಅವರು ಹೊರಡಲಿಲ್ಲ. ಬಾಗಿಲಲ್ಲೇ ನಿಂತರು.

‘ಕೇಳಿಯೇ ಬರಬೇಕು ಅಂದಿದ್ರು,’ ಅಂದರು. ‘ಬಂತಾ?’

ಎಷ್ಟು ವರ್ಷ, ಎಷ್ಟು ಸಲ, ಯೋಚನೆ ಮಾಡದೆ ಹೇಳಿದ ಮಾತು. ಆವತ್ತು ಯೋಚಿಸಬೇಕಾಯಿತು. ಒಳಗೆ ಇನ್ನೂ ಉಳಿದಿರುವ ಜನ, ಅವರ ಹೆಬ್ಬೆಟ್ಟುಗಳು, ಅಪ್ಪನ ಹೊಲ, ನನ್ನ ಕುಂಕುಮದ ಬೊಟ್ಟು. ಹೇಳಿದರೆ ಆ ಭಯವೆಲ್ಲ ನನ್ನದು. ಹೇಳದಿದ್ದರೆ ಈ ಹೆಂಗಸು ಹೊಸ್ತಿಲು ದಾಟುವುದಿಲ್ಲ. ತಲೆಯಾಡಿಸಿದೆ. ಅವರು ಕಾದರು, ಗಂಡನ ಹಾಗೇ.

‘ಬಂತು,’ ಅಂದೆ. 

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಬಿಸಿಲಿಗೆ ಇಳಿದರು.

ಈ ಭಾನುವಾರ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೂತಿದ್ದೇನೆ. ಕಂಡಕ್ಟರುಗಳಿಗೆ ಹೇಳಿಕಳಿಸಿದ್ದೇನೆ. ಚಹಾ ಲೋಟ ಹೊರಗೆ ಕಟ್ಟೆಯ ಮೇಲೆ ಆರುತ್ತಿದೆ. ಬೀದಿಯಲ್ಲಿ ಒಂದು ಕಾರು ನಿಧಾನವಾಗುತ್ತಿದೆ, ನಮ್ಮ ಮನೆಯ ಮುಂದೆಯೇ ಇರಬೇಕು. ಕ್ಯಾರಿಯರಿನ ಮೇಲಿನ ಡಬ್ಬಿಗೆ ಬಿಸಿ ಮುದ್ದೆ ಹಾಕಿ ಮುಚ್ಚಿದ್ದೇನೆ.